ದೈತ್ಯನಿಗೆ ಎಷ್ಟು ಪ್ರಾಣ ಇರಬೇಕು?

ಎರಡು ತಿಂಗಳ ಹಿಂದೆ ತಂಗಿ ಮೈಸೂರಿನಿಂದ ನನ್ನ ರೂಮಿಗೆ ಬಂದಿದ್ದಳು. ಶನಿವಾರ ರಾತ್ರಿ ಊಟ ಮುಗಿದ ಮೇಲೆ "ಅಣ್ಣಾ, ನೀನು ರಾತ್ರಿಯೆಲ್ಲಾ ಆಡ್ತಿರ್ತೀಯಲ್ಲ, ಅದೇನು ಕೊಡು ಇಲ್ಲಿ, ನಾನೂ ನೋಡ್ತೀನಿ" ಅಂತ ಕಂಟ್ರೋಲರ್ ಕಿತ್ತುಕೊಂಡು ಕೂತಳು. ಆಟದ ಹೆಸರು ಎಲ್ಡನ್ ರಿಂಗ್. 2022ರಲ್ಲಿ ಬಂದದ್ದು, ಕಷ್ಟಕ್ಕೆ ಹೆಸರುವಾಸಿ. ಒಂದು ಗಂಟೆ ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ಕೋಟೆಯ ದಾರಿ ಕಾಯುವ ಮಾರ್ಗಿಟ್ ಅನ್ನೋ ಕೊಂಬಿನ ದೈತ್ಯನ ಎದುರು ಹೋಗಿ ನಿಂತಳು. ಸತ್ತಳು. ಮತ್ತೆ ಹೋದಳು. ಸತ್ತಳು. ಎಂಟನೇ ಸಲ ಸತ್ತ ಮೇಲೆ ಕಂಟ್ರೋಲರ್ ಕೆಳಗಿಟ್ಟು "ಇದು ನನ್ನಂಥವರಿಗಲ್ಲ ಬಿಡು" ಅಂದಳು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಕಷ್ಟ ಇರೋದೇ ಇದರ ಮಜಾ ಕಣೇ. ಆರ್‌ಪಿಜಿ ಅಂದ್ರೆ ಮೊದಲಿಂದಲೂ ಹೀಗೇನೇ. ಸುಲಭ ಬೇಕು ಅಂದ್ರೆ ಮೊಬೈಲಲ್ಲಿ ಕ್ಯಾಂಡಿ ಕ್ರಶ್ ಆಡು" ಅಂದುಬಿಟ್ಟೆ. ಅವಳು ಏನೂ ಮಾತಾಡಲಿಲ್ಲ. ಹೋಗಿ ಮಲಗಿಕೊಂಡಳು.

ಮಾರನೇ ದಿನ ಅವಳನ್ನು ಬಸ್ಸು ಹತ್ತಿಸಿ ವಾಪಸ್ ಬರುವಾಗ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. "ಮೊದಲಿಂದಲೂ ಹೀಗೇನೇ" ಅಂದೆನಲ್ಲ, ಅದು ನಿಜವಾ? ಎಷ್ಟು ಕಷ್ಟ ಇರಬೇಕು ಅಂತ ಮೊದಲು ತೀರ್ಮಾನ ಮಾಡಿದವರು ಯಾರು? ಹೇಗೆ? ಅಲ್ಲಿಂದ ಶುರುವಾದ ಓದು ಇಲ್ಲಿಗೆ ತಂದು ನಿಲ್ಲಿಸಿದೆ. ಸ್ವಲ್ಪ ಉದ್ದ ಇದೆ, ಕಾಫಿ ತಂದಿಟ್ಟುಕೊಂಡು ಓದಿ :-)

(ಆಟ ಆಡದವರಿಗೆ ಒಂದು ಸಾಲಿನ ಪರಿಚಯ: ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿಯಲ್ಲಿ ನೀವು ಒಂದು ಪಾತ್ರ ವಹಿಸ್ತೀರಿ. ಆ ಪಾತ್ರಕ್ಕೆ ಇಷ್ಟು ಶಕ್ತಿ, ಇಷ್ಟು ಪ್ರಾಣ ಅಂತ ಅಂಕಿಗಳಿರುತ್ತವೆ. ಶತ್ರುಗಳನ್ನು ಸೋಲಿಸಿದಂತೆಲ್ಲ ಅನುಭವ ಕೂಡಿ ಲೆವೆಲ್ ಏರುತ್ತೆ, ಅಂಕಿಗಳೂ ಏರುತ್ತವೆ.)

* * *

ಕಥೆ ಶುರುವಾಗೋದು ಕಂಪ್ಯೂಟರಿನಿಂದ ಅಲ್ಲ, ಪ್ರಷ್ಯಾದ ಸೈನ್ಯದಿಂದ. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ, ತನ್ನ ಅಪ್ಪ ಶುರು ಮಾಡಿದ್ದ ಒಂದು ಯುದ್ಧದಾಟವನ್ನು ತಿದ್ದಿ ಪ್ರಕಟಿಸಿದ. ಹೆಸರು ಕ್ರೀಗ್ಸ್‌ಶ್ಪೀಲ್. ಜರ್ಮನ್ನಿನಲ್ಲಿ ಹಾಗಂದರೆ ಯುದ್ಧದಾಟ ಅಂತಲೇ. ನಕ್ಷೆಯ ಮೇಲೆ ತುಕಡಿಗಳು, ಕೈಯಲ್ಲಿ ದಾಳ, ಪಕ್ಕದಲ್ಲಿ ಕೋಷ್ಟಕ. ಗುಂಡು ಹಾರಿಸಿದರೆ ಎದುರಿನ ತುಕಡಿಗೆ ಎಷ್ಟು ನಷ್ಟ ಅಂತ ದಾಳ ಉರುಳಿಸಿ ಕೋಷ್ಟಕದಲ್ಲಿ ನೋಡಬೇಕು. ಇದನ್ನೆಲ್ಲ ನಡೆಸಿಕೊಡೋಕೆ ಎರಡೂ ಪಕ್ಷಕ್ಕೆ ಸೇರದ ಒಬ್ಬ ಅಂಪೈರ್ ಇರುತ್ತಿದ್ದ.

ಲೆಕ್ಕ ಜಾಸ್ತಿಯಾಗಿ ಆಟ ಆಮೆಯ ಹಾಗೆ ತೆವಳುತ್ತಿತ್ತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ, ಈ ಕೋಷ್ಟಕ, ದಾಳ ಎಲ್ಲ ಬದಿಗಿಡಿ, ಅನುಭವ ಇರುವ ಅಂಪೈರ್ ಪರಿಸ್ಥಿತಿ ನೋಡಿ ಫಲಿತಾಂಶ ಹೇಳಿದರೆ ಸಾಕು ಎಂದು ವಾದಿಸಿದ. ನಿಯಮ ಹೆಚ್ಚೋ, ನಿಯಮ ನಡೆಸುವ ಮನುಷ್ಯ ಹೆಚ್ಚೋ? ಇವತ್ತಿನ ಆಟಗಳಲ್ಲೂ ಅದೇ ಜಗಳ. ಅವತ್ತೇ ಶುರುವಾಗಿತ್ತು.

ಈ ಅಂಪೈರ್ ಅಟ್ಲಾಂಟಿಕ್ ದಾಟಿದ. 1880ರಲ್ಲಿ ಚಾರ್ಲ್ಸ್ ಟಾಟನ್ ಎಂಬ ಅಮೆರಿಕನ್ ಸೇನಾಧಿಕಾರಿ ಸ್ಟ್ರಾಟೆಗೋಸ್ ಎಂಬ ಯುದ್ಧದಾಟದ ಪುಸ್ತಕ ಬರೆದ. ಹೆಚ್ಚುಕಡಿಮೆ ತೊಂಬತ್ತು ವರ್ಷ ಆದ ಮೇಲೆ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬ ಹುಡುಗನಿಗೆ ಆ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕಿತು. ಅವನು ಅದರಿಂದ ಕಲಿತು 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಆಟ ನಡೆಸಿದ. ಅದರಲ್ಲಿ ಒಬ್ಬೊಬ್ಬರೂ ಸೈನ್ಯದ ಬದಲು ಊರಿನ ಒಬ್ಬ ವ್ಯಕ್ತಿಯಾಗಿ ಆಡಬೇಕಿತ್ತು, ಏನು ಬೇಕಾದರೂ ಮಾಡಲು ಪ್ರಯತ್ನಿಸಬಹುದಿತ್ತು. ಆಗುತ್ತೋ ಇಲ್ಲವೋ ಹೇಳೋದು ಅಂಪೈರ್ ಕೆಲಸ.

ವೆಸ್ಲಿಯ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಇದನ್ನು ನೆಲಮಾಳಿಗೆ, ಡ್ರ್ಯಾಗನ್ನುಗಳ ಲೋಕಕ್ಕೆ ಒಯ್ದ. ತನ್ನ ಬ್ಲ್ಯಾಕ್‌ಮೂರ್ ಆಟದಲ್ಲಿ ಕಾದಾಟಕ್ಕೆ ಅವನು ಮೊದಲು ಎರವಲು ತಂದದ್ದು ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದಿದ್ದ ಚೈನ್‌ಮೇಲ್ ನಿಯಮಗಳನ್ನು. ಅದರಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಏಟು ಬಿತ್ತೋ, ಸತ್ತ. ಮೇಜಿನ ಮೇಲೆ ನೂರು ಬೊಂಬೆ ಇಟ್ಟುಕೊಂಡು ಆಡುವಾಗ ಇದು ಸರಿ, ಒಂದು ಹೋದರೆ ತೊಂಬತ್ತೊಂಬತ್ತು ಉಳಿದಿರುತ್ತವೆ. ಆದರೆ ಇರೋದೇ ಒಂದು ಪಾತ್ರ ಆದಾಗ?

ಆರ್ನೆಸನ್ ಮುಂದೆ ಹೇಳಿಕೊಂಡ ಪ್ರಕಾರ, ಒಂದೇ ಏಟಿಗೆ ತಮ್ಮ ಪಾತ್ರ ಸಾಯೋದು ಆಡುವವರಿಗೆ ಇಷ್ಟವಾಗಲಿಲ್ಲ. ಅದಕ್ಕೆ ಅವನು ತಾನೇ ಮಾಡಿದ್ದ, ಅಮೆರಿಕನ್ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಆಟದಿಂದ ಒಂದು ಉಪಾಯ ತಂದ. ಹಡಗು ಒಂದೇ ಗುಂಡಿಗೆ ಮುಳುಗಲ್ಲ ತಾನೇ? ಇಷ್ಟು ಏಟು ತಡೆದುಕೊಳ್ಳುತ್ತೆ ಅಂತ ಲೆಕ್ಕ ಇರುತ್ತೆ. ಆ ಲೆಕ್ಕ ಮನುಷ್ಯನಿಗೂ ಬಂತು. ಅದೇ ಹಿಟ್ ಪಾಯಿಂಟ್. ಇವತ್ತು ನಾವು ಆಡುವ ಲೆಕ್ಕವಿಲ್ಲದಷ್ಟು ಆಟಗಳಲ್ಲಿ ಪರದೆಯ ಮೂಲೆಯಲ್ಲಿ ಕಾಣುವ ಕೆಂಪು ಪಟ್ಟಿಯ ಮೂಲಪುರುಷ.

ಇದನ್ನು ಓದಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ಯಾಕಂದರೆ ಹಿಟ್ ಪಾಯಿಂಟ್ ಹುಟ್ಟಿದ್ದೇ "ಇದು ಬಹಳ ಕಷ್ಟ ಆಯ್ತು" ಅಂತ ಆಡುವವರು ಮುಖ ಸಣ್ಣ ಮಾಡಿದ್ದಕ್ಕೆ! ಆರ್ನೆಸನ್ ಅವರಿಗೆ "ಹೋಗಿ ಬೇರೆ ಆಟ ಆಡಿ" ಅನ್ನಲಿಲ್ಲ.

* * *

1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಹೆಸರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು. ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಅಂಪೈರ್‌ಗೆ ಸ್ವಲ್ಪ ದಿನಗಳಲ್ಲೇ ಡಂಜನ್ ಮಾಸ್ಟರ್ ಅನ್ನೋ ಹೆಸರು ಅಂಟಿಕೊಂಡಿತು. ಮುಂದಿನ ಕೋಣೆಯಲ್ಲಿ ಎಷ್ಟು ರಾಕ್ಷಸರಿದ್ದಾರೆ, ಅವರಿಗೆಷ್ಟು ಪ್ರಾಣ, ಓಡಿಹೋಗೋಕೆ ಬಾಗಿಲಿದೆಯಾ, ಎಲ್ಲ ಅವನ ಕೈಯಲ್ಲಿ.

ಗೈಗ್ಯಾಕ್ಸ್ ಎಂಥ ಡಂಜನ್ ಮಾಸ್ಟರ್ ಆಗಿದ್ದ? ಕಷ್ಟದ ಆಟವೇ ನಿಜವಾದ ಆಟ ಅನ್ನುವವರು (ಮೊನ್ನೆವರೆಗೆ ನಾನೂ ಅದರಲ್ಲಿ ಒಬ್ಬ) ಟೂಂಬ್ ಆಫ್ ಹಾರರ್ಸ್ ಕಡೆ ಬೆರಳು ತೋರಿಸ್ತಾರೆ. 1975ರಲ್ಲಿ ಆರಿಜಿನ್ಸ್ ಸಮಾವೇಶದಲ್ಲಿ ಆಡಿಸಿ, 1978ರಲ್ಲಿ ಪ್ರಕಟಿಸಿದ ಸಾಹಸ ಅದು. ಗೋಡೆಯ ಮೇಲೊಂದು ಹಸಿರು ರಾಕ್ಷಸನ ಮುಖ, ಬಾಯಿ ತೆರೆದಿದೆ, ಒಳಗೆ ಕತ್ತಲೆ. ಒಳಗೇನಿದೆ ನೋಡೋಣ ಅಂತ ನುಗ್ಗಿದಿರೋ, ಮುಗೀತು. ದಾಳ ಇಲ್ಲ, ದಯೆ ಇಲ್ಲ, ಪಾತ್ರ ಇಲ್ಲವಾಯ್ತು.

ಆದರೆ ಅದೇ ಗೈಗ್ಯಾಕ್ಸ್ 1979ರಲ್ಲಿ ಡಂಜನ್ ಮಾಸ್ಟರ್‌ಗಳಿಗೆ ಅಂತಲೇ ಬರೆದ ಕೈಪಿಡಿ ಓದಿ. ಆಡುವವನು ಎಲ್ಲ ಸರಿಯಾಗಿ ಯೋಚಿಸಿ ಮಾಡಿದ್ದಾನೆ, ಬರೀ ದಾಳ ಕೈಕೊಟ್ಟು ಸಾಯುವ ಪರಿಸ್ಥಿತಿ ಬಂದಿದೆ ಅಂದಾಗ ಮಾಸ್ಟರ್ ಸಾವಿನ ಬದಲು ಎಚ್ಚರ ತಪ್ಪಿಸಬಹುದು, ಒಂದು ಅಂಗ ಹೋಯಿತು ಅನ್ನಬಹುದು. ಆದರೆ ತನ್ನ ದಡ್ಡತನದಿಂದಲೇ ಸಾಯುವವನನ್ನು ಸಾಯಲು ಬಿಡಬೇಕು. ಎರಡೂ ಒಬ್ಬನದೇ ಮಾತು. ಆ ಸಮಾಧಿ ಇದ್ದದ್ದು ತಮ್ಮನ್ನು ಯಾರೂ ಸೋಲಿಸಲಾರರು ಅಂತ ಎದೆ ತಟ್ಟಿಕೊಳ್ಳುವ ನುರಿತ ಆಟಗಾರರಿಗೆ. ಮೇಜಿನ ಎದುರು ಯಾರು ಕೂತಿದ್ದಾರೆ ಅನ್ನೋದನ್ನು ನೋಡಿ ಕಷ್ಟದ ಅಳತೆ.

ನನಗೆ ನೆನಪಾದದ್ದು ನಮ್ಮಜ್ಜಿ. ಬೇಸಿಗೆ ರಜೆಯಲ್ಲಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕೂರುತ್ತಿದ್ದೆವು. ನನ್ನ ಕಾಯಿ ಹಣ್ಣಾಗೋಕೆ ಎರಡು ಮನೆ ಇರುವಾಗ ಅಜ್ಜಿ ಕವಡೆ ಹಾಕಿದರೆ ಸರಿಯಾಗಿ ನನ್ನ ಕಾಯಿ ಕಡಿಯುವಷ್ಟೇ ಬೀಳುತ್ತಿತ್ತು. ಆಗ ಅವರು ನನ್ನ ಮುಖ ನೋಡಿ, ಬೇರೆ ಯಾವುದೋ ಕಾಯಿ ನಡೆಸಿ "ಅಯ್ಯೋ, ಕಣ್ಣು ಕಾಣಲ್ಲಪ್ಪಾ" ಅನ್ನುತ್ತಿದ್ದರು. ದೊಡ್ಡಮ್ಮನ ಜೊತೆ ಆಡುವಾಗ ಮಾತ್ರ ಅದೇ ಕಣ್ಣು ಹದ್ದಿನ ಕಣ್ಣು! ನಾನು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ನನ್ನ ಕಾಯನ್ನೂ ಕಡಿಯೋಕೆ ಶುರು ಮಾಡಿದರು. ಅಜ್ಜಿಗೆ ಗೈಗ್ಯಾಕ್ಸ್ ಗೊತ್ತಿರಲಿಲ್ಲ, ಆದರೆ ಆ ಕೈಪಿಡಿಯ ಸಾರ ಗೊತ್ತಿತ್ತು.

* * *

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಈ ಆಟವನ್ನು ಕಂಪ್ಯೂಟರಿಗೆ ಹಾಕುವಾಗ ನಿಯಮಗಳನ್ನು ಕೋಡ್ ಮಾಡಬಹುದು, ದಾಳ ಅಂತೂ ಒಂದು ಸಾಲಿನ ರ್‍ಯಾಂಡಮ್ ಫಂಕ್ಷನ್. ಮಾಡಕ್ಕಾಗದೇ ಇದ್ದದ್ದು ಒಂದೇ: ಎದುರಿನವರ ಮುಖ ನೋಡುವ ಆ ಮನುಷ್ಯ.

1975ರ ಸುಮಾರಿಗೆ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಶೈಕ್ಷಣಿಕ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಕದ್ದುಮುಚ್ಚಿ ಆಟ ಬರೆಯುತ್ತಿದ್ದರು. ಅದರಲ್ಲೊಂದರ ಹೆಸರು ಪೆಡಿಟ್5. ಆಟಕ್ಕೆ ಇದೆಂಥ ಹೆಸರು ಅನ್ನಬೇಡಿ. ಪಾಠದ ಫೈಲು ಅನ್ನಿಸಲಿ, ಅಡ್ಮಿನ್ ಕಣ್ಣಿಗೆ ಬೀಳದಿರಲಿ ಅಂತ ಇಟ್ಟ ಹೆಸರು. ಕಣ್ಣಿಗೆ ಬಿತ್ತು, ಅಳಿಸಿದರು :-)

1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆಪಲ್ 2 ಯಂತ್ರಕ್ಕೆ ವಿಝರ್ಡ್ರಿ ತಂದರು. ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು. ಆರು ಜನರ ತಂಡ, ಹತ್ತು ಅಂತಸ್ತಿನ ನೆಲಮಾಳಿಗೆ. ಸತ್ತವನನ್ನು ಊರಿಗೆ ಹೊತ್ತು ತಂದು ದೇವಾಲಯಕ್ಕೆ ದುಡ್ಡು ಕೊಟ್ಟರೆ ಬದುಕಿಸುವ ಪ್ರಯತ್ನ ಮಾಡುತ್ತಾರೆ. ಗಮನಿಸಿ, ಪ್ರಯತ್ನ ಅಷ್ಟೇ. ವಿಫಲವಾದರೆ ದೇಹ ಬೂದಿ. ಬೂದಿಯಿಂದಲೂ ಎಬ್ಬಿಸಲಾಗದಿದ್ದರೆ ಶಾಶ್ವತವಾಗಿ ಇಲ್ಲ. ಆರು ಜನವೂ ಕೆಳಗೆ ಸತ್ತರೋ, ಹೊಸ ತಂಡ ಕಟ್ಟಿಕೊಂಡು ಆ ಹೆಣಗಳನ್ನು ಹುಡುಕಿಕೊಂಡು ಹೋಗಬೇಕು. ಇದೆಲ್ಲ ಕೂಡಲೇ ಫ್ಲಾಪಿಗೆ ಬರೆದುಬಿಡುತ್ತಿತ್ತು, ಹಿಂದಕ್ಕೆ ಹೋಗುವ ದಾರಿ ಇಲ್ಲ.

ಜನ ಏನು ಮಾಡಿದರು ಗೊತ್ತೇ? ತಂಡ ಸಾಯುವ ಲಕ್ಷಣ ಕಂಡ ತಕ್ಷಣ, ಕಂಪ್ಯೂಟರ್ ಬರೆಯುವ ಮೊದಲೇ ಫ್ಲಾಪಿ ಹೊರಗೆಳೆದರು! ಪಾತ್ರಗಳ ಅಂಕಿಗಳನ್ನು ತಿದ್ದುವ ಪ್ರೋಗ್ರಾಮುಗಳೂ ಅಂಗಡಿಗೆ ಬಂದವು. "ಆಗಿನ ಕಾಲದಲ್ಲಿ ಎಲ್ಲರೂ ಕಷ್ಟವನ್ನು ಹಾಗೇ ಒಪ್ಪಿಕೊಂಡು ಆಡ್ತಿದ್ದರು" ಅನ್ನೋದು ನಮ್ಮಂಥವರು ಕಟ್ಟಿದ ಕಥೆ. ಡಂಜನ್ ಮಾಸ್ಟರ್ ಇಲ್ಲದ ಕಡೆ ಆಡುವವರು ತಾವೇ ಮಾಸ್ಟರ್ ಆಗಿ ತಮಗೆ ತಾವೇ ದಯೆ ತೋರಿಸಿಕೊಂಡರು.

* * *

ವಿಝರ್ಡ್ರಿಯ ಹುಚ್ಚು ಹತ್ತಿಸಿಕೊಂಡವರಲ್ಲಿ ಜಪಾನಿನ ಯೂಜಿ ಹೋರಿಯೂ ಒಬ್ಬ. ಅವನು ಮಕ್ಕಳ ಕಾಮಿಕ್ಸ್ ವಾರಪತ್ರಿಕೆ ಶೋನೆನ್ ಜಂಪ್‌ಗೆ ಬರೆಯುತ್ತಿದ್ದವನು. ಅದನ್ನು ಓದುವ ಹುಡುಗರಿಗೆ, ಮನೆಯ ಟೀವಿಗೆ ಸಿಕ್ಕಿಸಿ ಆಡುವ ಫ್ಯಾಮಿಕಾಮ್‌ನಲ್ಲಿ, ಇಂಥ ಆಟ ಹೇಗೆ ಕೊಡೋದು? 1986ರ ಡ್ರ್ಯಾಗನ್ ಕ್ವೆಸ್ಟ್ ಅವನ ಉತ್ತರ.

ಅವನು ಮಾಡಿದ ಬದಲಾವಣೆಗಳನ್ನು ನೋಡಿ. ಆರು ಜನರ ಬದಲು ಒಬ್ಬನೇ ವೀರ, ಒಂದು ಸಲಕ್ಕೆ ಒಬ್ಬನೇ ಶತ್ರು. ಸತ್ತರೆ ರಾಜನ ಮುಂದೆ ಮತ್ತೆ ಎದ್ದೇಳ್ತೀರಿ, ಕೈಯಲ್ಲಿದ್ದ ದುಡ್ಡು ಅರ್ಧ ಹೋಗಿರುತ್ತೆ, ಆದರೆ ಗಳಿಸಿದ ಅನುಭವ ಪೂರ್ತಿ ಉಳಿದಿರುತ್ತೆ. ಶುರುವಿನ ಕೋಟೆಯ ಸುತ್ತ ಬಡಪಾಯಿ ಸ್ಲೈಮ್‌ಗಳು, ಸೇತುವೆ ದಾಟಿದಂತೆಲ್ಲ ಬಲಶಾಲಿ ಶತ್ರುಗಳು. ಯಾವ ಬೋರ್ಡೂ ಇಲ್ಲ. ಸೇತುವೆಯೇ ಬೋರ್ಡು. ದಾಟಿ ಒದೆ ತಿಂದರೆ ವಾಪಸ್ ಬಂದು ಇನ್ನಷ್ಟು ದಿನ ಈ ಕಡೆ ಬಲಿಯಬೇಕು.

ಇಲ್ಲೊಂದು ದೊಡ್ಡ ಉಪಾಯ ಇದೆ. ಚುರುಕು ಹುಡುಗ ಕಡಿಮೆ ಲೆವೆಲ್‌ನಲ್ಲೇ ಮುಂದೆ ನುಗ್ಗುತ್ತಾನೆ. ನಿಧಾನದವನು ಇನ್ನೊಂದು ಗಂಟೆ ಸ್ಲೈಮ್ ಹೊಡೆದು ಮುಂದೆ ಹೋಗುತ್ತಾನೆ. ಇಬ್ಬರೂ ಮುಗಿಸುತ್ತಾರೆ. ಯಾವ ಮೆನುವಿನಲ್ಲೂ ಸುಲಭ, ಕಷ್ಟ ಅಂತ ಕೇಳದೆ ಹೋರಿ ಪ್ರತಿಯೊಬ್ಬರ ಕೈಗೂ ಒಂದು ಅಳತೆಗೋಲು ಕೊಟ್ಟ. ಅದರ ಹೆಸರು ಸಮಯ. ಬೆಲೆಯೂ ಇತ್ತು: ಗಂಟೆಗಟ್ಟಲೆ ಅದೇ ಸ್ಲೈಮ್, ಅದೇ ಸಂಗೀತ. ಇವತ್ತಿಗೂ ನಾವು "ಗ್ರೈಂಡ್" ಅಂತ ಬೈಯುವುದು ಇದನ್ನೇ.

ಸ್ಕ್ವೇರ್ ಕಂಪನಿಯ ಫೈನಲ್ ಫ್ಯಾಂಟಸಿ ಇದೇ ದಾರಿಯಲ್ಲಿ ಬಂದದ್ದು. 1991ರ ನಾಲ್ಕನೇ ಆಟದಲ್ಲಿ ಹಿರೋಯುಕಿ ಇಟೋ ಒಂದು ಹೊಸದು ಸೇರಿಸಿದ. ಫಾರ್ಮುಲಾ ಒನ್ ರೇಸಿನಲ್ಲಿ ಕಾರುಗಳು ಬೇರೆ ಬೇರೆ ವೇಗದಲ್ಲಿ ಒಂದನ್ನೊಂದು ದಾಟಿಹೋಗುವುದನ್ನು ನೋಡಿ ಹೊಳೆದದ್ದಂತೆ. ನೀನು ಒಂದು ಏಟು, ನಾನು ಒಂದು ಏಟು ಅನ್ನೋ ಸರದಿ ಹೋಗಿ, ಪ್ರತಿ ಪಾತ್ರಕ್ಕೂ ತನ್ನದೇ ಗಡಿಯಾರ ಬಂತು. ನೀವು ಮೆನು ನೋಡುತ್ತಾ ಯೋಚನೆ ಮಾಡುತ್ತಿದ್ದರೆ ಶತ್ರು ಕಾಯುತ್ತಾ ಕೂರಲ್ಲ. ಅಂದರೆ ಅಂಕಿಗಳು ಹಾಗೇ ಇದ್ದರೂ ಕಾದಾಟ ಕಷ್ಟವಾಯಿತು. ಅದೇ ವರ್ಷ ಜಪಾನಿನಲ್ಲಿ ಅದೇ ಆಟದ "ಈಸಿ ಟೈಪ್" ಅಂತ ಇನ್ನೊಂದು ಕಾರ್ಟ್ರಿಜ್ ಮಾರಾಟಕ್ಕೆ ಬಂತು. ಅಮೆರಿಕಕ್ಕೆ ಹೋದ ಆವೃತ್ತಿಯನ್ನೂ ಸುಲಭಗೊಳಿಸಿದ್ದರು. ಇವತ್ತು ಮೆನುವಿನಲ್ಲಿ ಒಂದು ಬಟನ್ ಆಗಿರುವುದು ಅವತ್ತು ಅಂಗಡಿಯಲ್ಲಿ ಬೇರೆ ಡಬ್ಬ!

ನನಗೆ ಬಹಳ ಖುಷಿ ಕೊಟ್ಟದ್ದು ಫೈರ್ ಎಂಬ್ಲೆಮ್ ಕಥೆ. ಸೈನಿಕ ಸತ್ತರೆ ಸತ್ತ, ವಾಪಸ್ ಬರಲ್ಲ ಅನ್ನೋದು ಆ ಸರಣಿಯ ಹೆಗ್ಗುರುತು. ಏಟು ತಾಗುವ ಸಂಭವ ಶೇ. 90 ಅಂತ ಪರದೆ ಮೇಲೆ ತೋರಿಸ್ತಾರೆ ಅನ್ನಿ. 2002ರ ಆಟದಿಂದ ಸುಮಾರು ಹತ್ತು ವರ್ಷ ಒಳಗಡೆ ಒಂದರ ಬದಲು ಎರಡು ರ್‍ಯಾಂಡಮ್ ಸಂಖ್ಯೆ ತೆಗೆದು, ಅವುಗಳ ಸರಾಸರಿಯನ್ನು 90ಕ್ಕೆ ಹೋಲಿಸುತ್ತಿದ್ದರು. ಎರಡು ಸಂಖ್ಯೆಗಳ ಸರಾಸರಿ ಮಧ್ಯಕ್ಕೇ ವಾಲುತ್ತೆ. ಹಾಗಾಗಿ ಲೆಕ್ಕ ಹಾಕಿದರೆ ಶೇ. 90 ಅಂತ ತೋರಿಸಿದ ಏಟು ನಿಜವಾಗಿ ತಾಗುವುದು ಶೇ. 98 ಸಲ, ಶೇ. 10 ಅಂತ ತೋರಿಸಿದ್ದು ತಾಗುವುದು ಶೇ. 2 ಸಲ! (ಅನುಮಾನ ಇದ್ದರೆ ನಾಲ್ಕು ಸಾಲಿನ ಪೈಥಾನ್ ಬರೆದು ನೋಡಿ, ನಾನೂ ನೋಡಿದೆ.) ತೊಂಬತ್ತು ಅಂದರೆ ನಮ್ಮ ಮನಸ್ಸಿಗೆ "ಖಂಡಿತ" ಅಂತಲೇ. ಹತ್ತರಲ್ಲಿ ಒಂದು ಸಲ ತಪ್ಪಿದರೂ ಮೋಸ ಅನ್ನಿಸುತ್ತೆ. ಯಂತ್ರ ಸುಳ್ಳು ಹೇಳಿತು, ನಮಗೆ ನ್ಯಾಯ ಅನ್ನಿಸಿತು. ಅಜ್ಜಿಯ "ಕಣ್ಣು ಕಾಣಲ್ಲಪ್ಪಾ" ನೆನಪಾಗಲಿಲ್ಲವೇ? 2010ರಲ್ಲಿ ಇದೇ ಸರಣಿ ಸತ್ತವರು ಮುಂದಿನ ಅಧ್ಯಾಯಕ್ಕೆ ವಾಪಸ್ ಬರುವ ಕ್ಯಾಶುಯಲ್ ಮೋಡ್ ಕೂಡ ತಂದಿತು.

* * *

ಇತ್ತ ಪಶ್ಚಿಮದಲ್ಲಿ 1998ರ ಕೊನೆಗೆ ಕೆನಡಾದ ಬಯೋವೇರ್ ಕಂಪನಿ ಬಾಲ್ಡರ್ಸ್ ಗೇಟ್ ತಂದಿತು. ಕಾದಾಟ ಓಡುತ್ತಲೇ ಇರುತ್ತೆ, ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತೆ, ಆಜ್ಞೆ ಕೊಟ್ಟು ಮತ್ತೆ ಓಡಿಸಬಹುದು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಇದರ ಹೊಸ ಆವೃತ್ತಿ ಹಾಕಿಕೊಂಡು ಕೂತಿದ್ದೆ. ಮೊದಲ ಲೆವೆಲ್ಲಿನ ಮಾಂತ್ರಿಕ, ಪ್ರಾಣ ನಾಲ್ಕೇ ನಾಲ್ಕು. ದಾರಿಯಲ್ಲಿ ತೋಳ ಬಂತು, ಕಚ್ಚಿತು, ಆಟ ಮುಗೀತು. ಹೇಗೋ ಫ್ರೆಂಡ್ಲಿ ಆರ್ಮ್ ಛತ್ರ ಮುಟ್ಟಿದರೆ ಮೆಟ್ಟಿಲ ಮೇಲೇ ಟಾರ್ನೆಶ್ ಎಂಬ ಕೊಲೆಗಡುಕ ಕಾಯುತ್ತಿದ್ದ! ದಾಳದ ನಿಯಮಗಳನ್ನು ಚಾಚೂ ತಪ್ಪದೆ ಕೋಡ್ ಮಾಡಿದ್ದರು. "ಪಾಪ, ಹೊಸಬ" ಅನ್ನುವ ಮಾಸ್ಟರ್ ಮಾತ್ರ ಮೇಜಿನ ಹಿಂದೆ ಇರಲಿಲ್ಲ.

2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೇ ಆವೃತ್ತಿ ಮಾಸ್ಟರ್‌ನ ಅಂದಾಜನ್ನೇ ಸೂತ್ರ ಮಾಡಲು ಹೊರಟಿತು. ಪ್ರತಿ ರಾಕ್ಷಸನಿಗೂ ಚಾಲೆಂಜ್ ರೇಟಿಂಗ್ ಅಂತ ಒಂದು ಅಂಕಿ. ನಾಲ್ಕು ಜನರ ತಂಡ ತನ್ನ ಲೆವೆಲ್ಲಿಗೆ ಸಮನಾದ ಎದುರಾಳಿಯನ್ನು ಸೋಲಿಸುವಾಗ ತನ್ನ ಪ್ರಾಣ, ಮಂತ್ರ, ಔಷಧಿಗಳಲ್ಲಿ ಸುಮಾರು ಶೇ. 20 ಖರ್ಚಾಗಬೇಕು ಅನ್ನೋ ಲೆಕ್ಕ. ಇದನ್ನು ನೋಡಿ ನನಗೆ ಆಫೀಸಿನ ಸರ್ವರ್ ಕೆಪ್ಯಾಸಿಟಿ ಪ್ಲಾನಿಂಗ್ ಶೀಟೇ ನೆನಪಾಯ್ತು.

ಸೂತ್ರ ಇದ್ದರೆ ಯಂತ್ರಕ್ಕೂ ಸುಲಭ ಅಲ್ಲವೇ? ಆಡುವವನ ಲೆವೆಲ್ ನೋಡಿ ಶತ್ರುವಿನ ಲೆವೆಲ್ ಇಟ್ಟರಾಯ್ತು. 1999ರ ಫೈನಲ್ ಫ್ಯಾಂಟಸಿ 8 ಇದನ್ನು ಮಾಡಿತು. ನೀವು ಬಲಿತಂತೆ ಶತ್ರುಗಳೂ ಬಲಿತರು. ಪರಿಣಾಮ? ಬುದ್ಧಿವಂತರು ಲೆವೆಲ್ ಏರಿಸದೇ ಆಡೋದು ಸುಲಭ ಅಂತ ಕಂಡುಹಿಡಿದರು! 2006ರಲ್ಲಿ ಬೆಥೆಸ್ಡಾದ ಆಬ್ಲಿವಿಯನ್ ಇಡೀ ಲೋಕಕ್ಕೇ ಇದನ್ನು ಹಬ್ಬಿಸಿತು. ಎಲ್ಲಿ ಬೇಕಾದರೂ ಹೋಗಿ, ಎಲ್ಲ ಕಡೆ ನಿಮಗೆ ತಕ್ಕ ಶತ್ರು. ಕೇಳೋಕೆ ಎಷ್ಟು ಚೆನ್ನಾಗಿದೆ. ಆದರೆ ನಿಮ್ಮ ಲೆವೆಲ್ ಏರಿದ ಮೇಲೆ ದಾರಿಗಳ್ಳರೂ ಗಾಜಿನ ಕವಚ ತೊಟ್ಟು ಬರುತ್ತಾರೆ. ಸಾವಿರಾರು ಚಿನ್ನದ ನಾಣ್ಯ ಬೆಲೆಬಾಳುವ ಕವಚ ಹಾಕಿಕೊಂಡವನು ನಿಮ್ಮನ್ನು ಅಡ್ಡಗಟ್ಟಿ ನೂರು ನಾಣ್ಯ ಕೇಳುತ್ತಾನೆ!

ನಗು ಬರುತ್ತೆ, ಆದರೆ ಇದರಲ್ಲಿ ಪಾಠ ಇದೆ. ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಅಳೆದು ತೂಗಿದ ಶೇ. 20 ಕಷ್ಟ ಕೊಟ್ಟರೆ ಬೆಳೆದೆ ಅನ್ನೋ ಭಾವನೆಯೇ ಇರಲ್ಲ. ನೆನ್ನೆ ಓಡಿಸಿಕೊಂಡು ಬಂದ ತೋಳವನ್ನು ಇವತ್ತು ಒಂದೇ ಏಟಿಗೆ ಹೊಡೆಯುವ ಸುಖ ಇಲ್ಲ. ಆಬ್ಲಿವಿಯನ್ ನಿಮ್ಮ ಅಂಕಿಯನ್ನು ನೋಡುತ್ತಿತ್ತು, ಮುಖ ನೋಡುತ್ತಿರಲಿಲ್ಲ. ಅಜ್ಜಿ ಯಾವತ್ತೂ ಬಿಟ್ಟುಕೊಡುತ್ತಲೇ ಇದ್ದಿದ್ದರೆ ನಾನು ಚೌಕಾಬಾರ ಕಲಿಯುತ್ತಲೇ ಇರಲಿಲ್ಲ.

* * *

ಹಿದೆತಾಕಾ ಮಿಯಾಝಾಕಿ ಒರಾಕಲ್‌ನಲ್ಲಿ ಕೆಲಸಕ್ಕಿದ್ದವನು. ಈಕೋ ಎಂಬ ಆಟ ಆಡಿ ಮನಸ್ಸು ಕೆಟ್ಟು, 29ನೇ ವಯಸ್ಸಿನಲ್ಲಿ, 2004ರಲ್ಲಿ ಫ್ರಂಸಾಫ್ಟ್‌ವೇರ್ ಸೇರಿದ. (ನನಗೂ ಇನ್ನು ಒಂದು ವರ್ಷ ಟೈಮಿದೆ. ಮ್ಯಾನೇಜರ್ ಇದನ್ನು ಓದದಿರಲಿ.) 2009ರಲ್ಲಿ ಅವನ ನಿರ್ದೇಶನದ ಡೀಮನ್ಸ್ ಸೋಲ್ಸ್ ಬಂತು. ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತೆ, ಅಲ್ಲಿ ತನಕ ಹೋಗಿ ಎತ್ತಿಕೊಳ್ಳಬೇಕು, ದಾರಿಯಲ್ಲಿ ಮತ್ತೆ ಸತ್ತರೆ ಅದೂ ಹೋಯ್ತು. ಸುಲಭದ ಮೋಡ್ ಇಲ್ಲ. ನನ್ನಂಥವರು ಕಾಲರ್ ಎತ್ತಿಕೊಂಡು ತಿರುಗೋದು ಈ ವಂಶದ ಆಟಗಳನ್ನು ಹಿಡಿದುಕೊಂಡೇ.

ಆದರೆ ಅದರಲ್ಲೇ ಇರುವ ಇನ್ನೊಂದನ್ನು ನಾವು ಹೇಳೋದಿಲ್ಲ. ಮಿಯಾಝಾಕಿ ಸಂದರ್ಶನವೊಂದರಲ್ಲಿ ಹೇಳಿಕೊಂಡ ಘಟನೆ ಇದು. ಹಿಮ ಬಿದ್ದ ಏರುದಾರಿಯಲ್ಲಿ ಮುಂದಿನ ಕಾರು ಜಾರಿ ನಿಂತಿತು. ಹಿಂದಿನ ಕಾರುಗಳು ಒಂದಕ್ಕೊಂದು ತಾಗಿಸಿ ತಳ್ಳುತ್ತಾ ಎಲ್ಲರೂ ದಿಬ್ಬ ಹತ್ತಿದರು. ನಿಂತು ಥ್ಯಾಂಕ್ಸ್ ಹೇಳೋಣ ಅಂದರೆ ನಿಂತರೆ ಮತ್ತೆ ಜಾರುತ್ತೆ. ಕೊನೆಯಲ್ಲಿದ್ದ ಕಾರು ಹತ್ತಿತೋ ಇಲ್ಲವೋ ಅನ್ನೋದು ಅವನ ತಲೆಯಲ್ಲಿ ಉಳಿಯಿತು. ಅದು ಆಟದೊಳಗೆ ಬಂತು. ಕಷ್ಟದಲ್ಲಿರುವ ಅಪರಿಚಿತರು ನಿಮ್ಮನ್ನು ತಮ್ಮ ಲೋಕಕ್ಕೆ ಕರೆಸಿಕೊಳ್ಳಬಹುದು, ದೈತ್ಯ ಸತ್ತ ಕೂಡಲೇ ನೀವು ಮಾಯ. ನೆಲದ ಮೇಲೆ "ಮುಂದೆ ಜೋಕೆ" ಅಂತ ಬರೆದು ಹೋಗಬಹುದು. ಎಲ್ಲೋ ಇರುವ ಯಾರೋ ನಿಮ್ಮ ಬರಹ ಉಪಯೋಗವಾಯ್ತು ಅಂತ ಒತ್ತಿದರೆ, ಆ ಕ್ಷಣದಲ್ಲಿ ನಿಮ್ಮ ಪ್ರಾಣ ತುಂಬಿಕೊಳ್ಳುತ್ತೆ!

ನನ್ನ ಓದಿಗೆ ಹೊಳೆದದ್ದು ಇಷ್ಟು. 1981ರಲ್ಲಿ ಯಂತ್ರದೊಳಗೆ ಬರುವಾಗ ಕಳೆದುಹೋದ ಆ ಮೇಜಿನಾಚೆಯ ಮನುಷ್ಯನನ್ನು ವಾಪಸ್ ತರಲು ಪ್ರತಿಯೊಬ್ಬರೂ ಒಂದೊಂದು ದಾರಿ ಹುಡುಕಿದ್ದಾರೆ. ಹೋರಿ ಸಮಯ ಕೊಟ್ಟ. ಫೈರ್ ಎಂಬ್ಲೆಮ್ ಸುಳ್ಳು ಹೇಳಿತು. ಆಬ್ಲಿವಿಯನ್ ಸೂತ್ರ ಬರೆದು ಎಡವಿತು. ಮಿಯಾಝಾಕಿ ಬೇರೆ ಆಡುವವರನ್ನೇ ಆ ಜಾಗದಲ್ಲಿ ಕೂರಿಸಿದ. 2023ರಲ್ಲಿ ಬೆಲ್ಜಿಯಂನ ಲಾರಿಯನ್ ಕಂಪನಿ ಮಾಡಿದ ಬಾಲ್ಡರ್ಸ್ ಗೇಟ್ 3ರಲ್ಲಿ "ಕರ್ಮಿಕ್ ಡೈಸ್" ಅಂತ ಒಂದು ಆಯ್ಕೆ ಇದೆ. ದಾಳ ಸಾಲಾಗಿ ಕೈಕೊಡುತ್ತಿದ್ದರೆ ಅದನ್ನು ಸ್ವಲ್ಪ ತಿದ್ದುತ್ತೆ. ನಮ್ಮ ಕರ್ಮಕ್ಕೂ ಅದಕ್ಕೂ ಏನು ಸಂಬಂಧವೋ ದೇವರೇ ಬಲ್ಲ, ಆದರೆ ಕೆಲಸ ಮಾತ್ರ 1979ರ ಕೈಪಿಡಿಯ ಮಾಸ್ಟರ್ ಮಾಡುತ್ತಿದ್ದದ್ದೇ. ಅದೇ ಆಟಕ್ಕೆ ಅದೇ ವರ್ಷ ಒಂದೇ ಸೇವ್ ಇರುವ ಆನರ್ ಮೋಡ್ ಕೂಡ ಬಂತು. ಎದೆ ತಟ್ಟಿಕೊಳ್ಳುವವರಿಗೆ ಸಮಾಧಿ, ಹೊಸಬರಿಗೆ ಅಜ್ಜಿ. ಎರಡೂ ಒಂದೇ ಡಬ್ಬದಲ್ಲಿ.

ಹಾಗಾದರೆ "ಮೊದಲಿಂದಲೂ ಹೀಗೇನೇ" ಅಂದ ನನ್ನ ಮಾತು? ಪೂರ್ತಿ ಸುಳ್ಳು. ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಎಲ್ಡನ್ ರಿಂಗ್‌ನಲ್ಲಿ ಸುಲಭದ ಮೋಡ್ ಇಲ್ಲ, ನಿಜ. ಆದರೆ ಜೊತೆಗೆ ಕಾದಾಡುವ ಆತ್ಮಗಳನ್ನು ಕರೆಯುವ ಗಂಟೆ ಇದೆ. ಏರಿ ಓಡಲು ಕುದುರೆಯಂಥ ಪ್ರಾಣಿ ಇದೆ. ಮಾರ್ಗಿಟ್‌ನನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಗಿ ಬಲಿತು ಬರಲು ಅಷ್ಟು ದೊಡ್ಡ ಬಯಲಿದೆ. ಇವೆಲ್ಲ ನನಗೆ ಗೊತ್ತಿತ್ತು. ತಂಗಿ ಎಂಟು ಸಲ ಸಾಯುವಾಗ ಪಕ್ಕದಲ್ಲೇ ಕೂತಿದ್ದೆ. ಅವಳ ಮುಖ ನೋಡುವ ಕೆಲಸ ಆವತ್ತು ಯಂತ್ರದ್ದಲ್ಲ, ನನ್ನದಾಗಿತ್ತು.

ಹೋದ ವಾರ ಅವಳು ಮತ್ತೆ ಬಂದಿದ್ದಳು. ನಾನಾಗೇ ಕಂಟ್ರೋಲರ್ ಕೊಟ್ಟೆ. ಬೇಡ ಅಂದಳು. "ಅವತ್ತು ಹಾಗಂದಿದ್ದು ತಪ್ಪಾಯ್ತು ಕಣೇ" ಅಂದೆ. ಕೂತಳು. "ಆ ಕೋಟೆ ಎಲ್ಲೂ ಹೋಗಲ್ಲ. ದಕ್ಷಿಣಕ್ಕೆ ಒಂದು ಸೇತುವೆ ಇದೆ, ಅದು ದಾಟಿ ಓಡಾಡಿಕೊಂಡು ಬಾ. ರಾತ್ರಿ ಹೊತ್ತು ಆ ಹಾಳುಬಿದ್ದ ಚರ್ಚಿಗೆ ಹೋಗು, ಒಬ್ಬಳು ಗಂಟೆ ಕೊಡ್ತಾಳೆ" ಅಂದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗಂಟೆ ಬಾರಿಸಿ ಮೂರು ತೋಳಗಳನ್ನು ಎಬ್ಬಿಸಿಕೊಂಡು ಮಾರ್ಗಿಟ್ ಮುಂದೆ ನಿಂತಳು. ಸತ್ತಳು, ಆದರೆ ಅವನ ಪ್ರಾಣ ಕಾಲು ಭಾಗಕ್ಕೆ ಇಳಿದಿತ್ತು. ಬಸ್ಸಿಗೆ ಹೊತ್ತಾಗಿತ್ತು. ಚೀಲ ಎತ್ತಿಕೊಳ್ಳುತ್ತಾ "ಈ ಸೇವ್ ಅಳಿಸಬೇಡ, ಬರೋ ತಿಂಗಳು ಬರ್ತೀನಿ" ಅಂದಳು.

ಅಳಿಸಿಲ್ಲ. ನಾನು ಸಹಾಯ ಮಾಡಿದ್ದು ಆಟಕ್ಕೆ ಮಾಡಿದ ಮೋಸ ಅಂತ ನಿಮಗನ್ನಿಸಿದರೆ ಕಾಮೆಂಟಿನಲ್ಲಿ ಬೈಯಿರಿ. ಬೈಯುವ ಮೊದಲು ನಿಮಗೆ ಮೊದಲ ಸಲ ಚೌಕಾಬಾರ ಕಲಿಸಿದವರು ಯಾರು, ಅವರು ಎಷ್ಟು ಸಲ ಬೇಕಂತಲೇ ಸೋತರು ಅಂತ ಒಮ್ಮೆ ನೆನಪಿಸಿಕೊಳ್ಳಿ :-)